ದೇಶದ ತಂಡವನ್ನು ಬೆಳೆಸುವ ಬಗೆ: ಫಿಲಿಪೀನ್ಸಿನ ದೃಷ್ಟಾಂತ

ಒಂದು ದೇಶದ ಹೆಸರನ್ನು ಎದೆಯ ಮೇಲೆ ಧರಿಸಿ ಅಂಗಣಕ್ಕಿಳಿಯುವ ಹನ್ನೆರಡು ಮಂದಿ ಆಟಗಾರರನ್ನು ಕಂಡಾಗ, ಇವರು ಬಹುಕಾಲದಿಂದ ಒಂದೆಡೆ ಕೂಡಿ ಬೆಳೆದವರು, ಒಬ್ಬರ ಮನಸ್ಸನ್ನೊಬ್ಬರು ಬಲ್ಲವರು ಎಂದು ಪ್ರೇಕ್ಷಕನು ಸಹಜವಾಗಿ ಭಾವಿಸಿಕೊಳ್ಳುತ್ತಾನೆ. ವಸ್ತುಸ್ಥಿತಿ ಬಹುಮಟ್ಟಿಗೆ ಇದಕ್ಕೆ ವ್ಯತಿರಿಕ್ತವಾದುದು. ವರ್ಷದ ಅಧಿಕಾಂಶವನ್ನು ತಮಗೆ ಸಂಬಳ ಕೊಡುವ ಕ್ಲಬ್ಬುಗಳಲ್ಲಿ, ಪರಸ್ಪರ ಪ್ರತಿಸ್ಪರ್ಧಿಗಳಾಗಿಯೇ ಕಳೆಯುವ ಈ ಆಟಗಾರರು ದೇಶದ ತಂಡಕ್ಕೆ ಕೆಲವು ವಾರಗಳ ಮಟ್ಟಿಗೆ ಎರವಲಾಗಿ ಬಂದವರು. ಪಂದ್ಯಾವಳಿ ಮುಗಿದ ಮರುದಿನ ಅವರವರ ದಾರಿ ಅವರವರಿಗೆ. ಹೀಗೆ ಎರವಲು ತಂದ ಶಕ್ತಿಯಿಂದ ಗೆಲ್ಲಲಾರೆವೆಂಬುದನ್ನು ಸೋಲಿನ ಮೇಲೆ ಸೋಲುಂಡು ಕಲಿತ ದೇಶಗಳು, ಎಳೆಯ ಆಟಗಾರರನ್ನು ಆರಿಸಿ, ಮೂರು ನಾಲ್ಕು ವರ್ಷಗಳ ಕಾಲ ಒಬ್ಬನೇ ಗುರುವಿನ ಕೈಕೆಳಗೆ ಒಟ್ಟಾಗಿರಿಸಿ, ಅಂತಾರಾಷ್ಟ್ರೀಯ ಸ್ಪರ್ಧೆಗೆಂದೇ ಅವರನ್ನು ಬೆಳೆಸುವ ಯೋಜನೆಗಳನ್ನು ಕೈಗೊಂಡಿವೆ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಈ ಪ್ರಯೋಗವನ್ನು ಅತ್ಯಂತ ಆಸ್ಥೆಯಿಂದ ನಡೆಸಿದ, ಎಡವಿದ, ಬಿಟ್ಟು ಮತ್ತೆ ಹಿಡಿದ ದೇಶ ಫಿಲಿಪೀನ್ಸ್. ಅದರ ವೃತ್ತಾಂತವನ್ನು ತುಸು ವಿಸ್ತಾರವಾಗಿಯೇ ನೋಡತಕ್ಕದ್ದಿದೆ.

ಕೂಡಿ ಕಳೆದ ಕಾಲಕ್ಕೆ ಈ ಆಟದಲ್ಲಿ ಇಷ್ಟೊಂದು ಬೆಲೆಯೇಕೆ ಎಂಬುದನ್ನು ಮೊದಲು ಹೇಳಬೇಕು. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಗಣ. ಅದರಲ್ಲಿ ಹತ್ತು ಜನ. ಚೆಂಡು ಕೈಸೇರಿದ 24 ಸೆಕೆಂಡುಗಳೊಳಗಾಗಿ ಬುಟ್ಟಿಯತ್ತ ಎಸೆದುಬಿಡಬೇಕೆಂಬ ನಿಯಮ. ಚೆಂಡನ್ನು ಪುಟಿಸುತ್ತ ಮುನ್ನಡೆವ ಗಾರ್ಡ್ ಆಟಗಾರನನ್ನು ಎದುರಾಳಿಯೊಬ್ಬ ಅಡ್ಡಗಟ್ಟಿರುತ್ತಾನೆ. ಆಗ ನೀಳಕಾಯದ ಸೆಂಟರ್ ಆಟಗಾರ ಬಂದು ಆ ಎದುರಾಳಿಯ ದಾರಿಗೆ ತನ್ನ ಮೈಯನ್ನೊಡ್ಡಿ ನಿಲ್ಲುತ್ತಾನೆ. ಮರುಕ್ಷಣದಲ್ಲಿ ಅವನು ಹೊರಳಿ ಬುಟ್ಟಿಯ ಕಡೆಗೆ ಧಾವಿಸುವನೋ, ಇಲ್ಲವೆ ಹಿಂದೆ ಸರಿದು ದೂರದಿಂದ ಎಸೆಯಲು ಅಣಿಯಾಗುವನೋ ಎಂಬುದನ್ನು ಗಾರ್ಡ್ ಆದವನು ಮುಂಚಿತವಾಗಿಯೇ ಬಲ್ಲವನಾಗಿರಬೇಕು. ನೋಡಿ ತಿಳಿದುಕೊಳ್ಳುವಷ್ಟರಲ್ಲಿ ಎದುರು ಪಕ್ಷದವರು ಎರಡು ದಾರಿಗಳನ್ನೂ ಮುಚ್ಚಿರುತ್ತಾರೆ. ಈ ಅರಿವು ಕರಿಹಲಗೆಯ ಮೇಲೆ ಗೆರೆಯೆಳೆದು ತೋರಿಸಿದರೆ ಬರತಕ್ಕದ್ದಲ್ಲ. ಒಂದೇ ಆಟವನ್ನು ಅದೇ ಸಂಗಡಿಗನ ಜೊತೆಯಲ್ಲಿ ನೂರಾರು ಸಲ ಆಡಿ, ತಪ್ಪಿ, ತಿದ್ದಿಕೊಂಡ ಮೇಲೆ ಮೈಗೂಡತಕ್ಕದ್ದು. ರಕ್ಷಣೆಯ ವಿಷಯದಲ್ಲಂತೂ ಈ ಮಾತು ಇಮ್ಮಡಿ ನಿಜ: ಒಬ್ಬನು ಸೋತೆಡೆಗೆ ಇನ್ನೊಬ್ಬನು ಕರೆಯದೆಯೇ ಒದಗಬೇಕು, ಅವನು ಬಿಟ್ಟುಬಂದ ಸ್ಥಾನವನ್ನು ಮೂರನೆಯವನು ಕೇಳದೆಯೇ ತುಂಬಬೇಕು.

ಅಮೆರಿಕದ ಆಳ್ವಿಕೆಯ ಕಾಲದಲ್ಲಿ ಶಾಲೆಗಳ ಮೂಲಕ, ವೈ.ಎಂ.ಸಿ.ಎ. ಮೂಲಕ ಫಿಲಿಪೀನ್ಸಿಗೆ ಬಂದ ಈ ಆಟ ಅಲ್ಲಿನ ಜನಜೀವನದಲ್ಲಿ ಬೇರೂರಿರುವ ಪರಿ ಅನ್ಯದೇಶೀಯರಿಗೆ ಆಶ್ಚರ್ಯವನ್ನುಂಟುಮಾಡುವಂಥದು. ಗಲ್ಲಿಯ ಕೊನೆಯಲ್ಲಿ, ಚರ್ಚಿನ ಬಯಲಿನಲ್ಲಿ, ತೆಂಗಿನ ಮರದ ಕಾಂಡಕ್ಕೆ ಹಲಗೆ ಬಡಿದು ಕಬ್ಬಿಣದ ಬಳೆ ಸಿಕ್ಕಿಸಿದ ತಾಣಗಳಲ್ಲಿ, ಕಾಲಿಗೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಹುಡುಗರು ಹೊತ್ತು ಮುಳುಗುವವರೆಗೆ ಆಡುತ್ತಾರೆ. ಎತ್ತರವೇ ಬಂಡವಾಳವಾದ ಆಟವನ್ನು, ಸರಾಸರಿಯಲ್ಲಿ ಗಿಡ್ಡರೆನ್ನಬಹುದಾದ ಜನರು ಪ್ರಾಣದಂತೆ ಪ್ರೀತಿಸುತ್ತಾರೆ. ಆ ಪ್ರೀತಿ ಬರಿದಾಗಿಯೂ ಹೋಗಲಿಲ್ಲ. ಒಲಿಂಪಿಕ್ಸಿನಲ್ಲಿ ಬ್ಯಾಸ್ಕೆಟ್‌ಬಾಲ್ ಮೊತ್ತಮೊದಲು ಪದಕದ ಸ್ಪರ್ಧೆಯಾದ 1936ರ ಬರ್ಲಿನ್ ಕೂಟದಲ್ಲಿ ಫಿಲಿಪೀನ್ಸ್ ಅಮೆರಿಕವೊಂದಕ್ಕೆ ಮಾತ್ರ ಸೋತು ಐದನೆಯ ಸ್ಥಾನ ಪಡೆಯಿತು. 1951ರಿಂದ 1962ರವರೆಗೆ ಏಷ್ಯನ್ ಕ್ರೀಡಾಕೂಟಗಳ ನಾಲ್ಕು ಚಿನ್ನಗಳೂ ಅದರವೇ. 1954ರಲ್ಲಿ ರಿಯೋ ಡಿ ಜನೈರೋದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಾರ್ಲೋಸ್ ಲೊಯ್ಸಾಗಾ ಎಂಬ ಮಹಾ ಆಟಗಾರನನ್ನೊಳಗೊಂಡ ತಂಡ ಕಂಚು ಗೆದ್ದಿತು. ಏಷ್ಯಾದ ಯಾವ ದೇಶವೂ ಆ ಸ್ಪರ್ಧೆಯಲ್ಲಿ ಅದಕ್ಕೂ ಮೇಲಿನ ಸ್ಥಾನವನ್ನು ಇಂದಿಗೂ ಮುಟ್ಟಿಲ್ಲ.

ಅನಂತರ ಬಂದದ್ದು 1975. ಆ ವರ್ಷ ಮನಿಲಾದಲ್ಲಿ ಪಿ.ಬಿ.ಎ. ಎಂಬ ವೃತ್ತಿಪರ ಲೀಗ್ ಹುಟ್ಟಿತು. ಏಷ್ಯಾದಲ್ಲಿ ಅದೇ ಮೊದಲನೆಯದು. ಕಂಪನಿಗಳ ಹೆಸರು ಹೊತ್ತ ತಂಡಗಳು, ತುಂಬಿದ ಕ್ರೀಡಾಂಗಣಗಳು, ಸಿನಿಮಾ ನಟರಿಗೆ ಸಮನಾದ ಕೀರ್ತಿ, ಇವೆಲ್ಲವೂ ಆಟಗಾರರಿಗೆ ದೊರೆತವು. ಆದರೆ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಬಾ ಆಗ ಹವ್ಯಾಸಿಗಳಿಗಲ್ಲದೆ ವೃತ್ತಿಪರರಿಗೆ ತನ್ನ ಸ್ಪರ್ಧೆಗಳಲ್ಲಿ ಪ್ರವೇಶ ಕೊಡುತ್ತಿರಲಿಲ್ಲವಾದ್ದರಿಂದ, ದೇಶದ ಅತ್ಯುತ್ತಮ ಆಟಗಾರರೆಲ್ಲ ಒಮ್ಮೆಗೇ ದೇಶದ ತಂಡಕ್ಕೆ ಎರವಾದರು. ಲೀಗ್ ಬೆಳೆದಂತೆಲ್ಲ ರಾಷ್ಟ್ರೀಯ ತಂಡ ಕ್ಷೀಣಿಸುವ ವಿಚಿತ್ರ ಪರಿಸ್ಥಿತಿ ಉಂಟಾಯಿತು. ಈ ಇಕ್ಕಟ್ಟಿನಿಂದ ಪಾರಾಗುವ ಉಪಾಯವಾಗಿಯೇ ಅಲ್ಲಿ ಮೊದಲನೆಯ ‘ಬೆಳೆಸುವ ತಂಡ’ ರೂಪುಗೊಂಡಿತು.

ಎಂಬತ್ತರ ದಶಕದ ಆರಂಭದಲ್ಲಿ ಉದ್ಯಮಿ ಎಡ್ವಾರ್ಡೊ ಕೊಹುವಾಂಕೊ ಅವರ ಆಶ್ರಯದಲ್ಲಿ, ನಾರ್ದರ್ನ್ ಕನ್ಸಾಲಿಡೇಟೆಡ್ ಸಿಮೆಂಟ್ ಎಂಬ ಕಂಪನಿಯ ಹೆಸರಿನಲ್ಲಿ ಕಟ್ಟಿದ ಈ ತಂಡಕ್ಕೆ, ಅಮೆರಿಕದ ಲೊಯೊಲಾ ಮೇರಿಮೌಂಟ್ ವಿಶ್ವವಿದ್ಯಾಲಯದಲ್ಲಿ ತರಬೇತುದಾರರಾಗಿದ್ದ ರಾನ್ ಜೇಕಬ್ಸ್ ಗುರುವಾದರು. ಕಾಲೇಜುಗಳಿಂದ ಆರಿಸಿದ ಹುಡುಗರನ್ನು ಅವರು ವರ್ಷಗಟ್ಟಲೆ ಒಟ್ಟಿಗಿರಿಸಿ ಪಳಗಿಸಿದರು. ಅಲನ್ ಕೈದಿಕ್, ಸ್ಯಾಂಬಾಯ್ ಲಿಮ್, ಹೆಕ್ಟರ್ ಕಾಲ್ಮಾ, ಈವ್ಸ್ ದಿಗ್ನಾದಿಸೆ ಮೊದಲಾದವರು ಆ ಗರಡಿಯಲ್ಲಿ ತಯಾರಾದವರು. ತಂಡವನ್ನು ಪಿ.ಬಿ.ಎ.ಯಲ್ಲಿ ಅತಿಥಿ ತಂಡವಾಗಿ ಆಡಿಸಲಾಯಿತು; ಹವ್ಯಾಸಿ ಹುಡುಗರು ವೃತ್ತಿಪರರ ಮೊಣಕೈ ಏಟುಗಳನ್ನು ತಿಂದು ಗಟ್ಟಿಯಾಗಲೆಂಬುದು ಉದ್ದೇಶವಾಗಿತ್ತು. 1985ರಲ್ಲಿ ಆ ಅತಿಥಿಗಳೇ ವೃತ್ತಿಪರರ ಒಂದು ಪಂದ್ಯಾವಳಿಯನ್ನು ಗೆದ್ದುಬಿಟ್ಟರು. ಅದೇ ವರ್ಷದ ಏಷ್ಯಾ ಚಾಂಪಿಯನ್‌ಷಿಪ್ಪನ್ನು ಕ್ವಾಲಾಲಂಪುರದಲ್ಲಿ ಗೆದ್ದು, ಸ್ಪೇನಿನಲ್ಲಿ ನಡೆಯಬೇಕಾಗಿದ್ದ 1986ರ ವಿಶ್ವ ಚಾಂಪಿಯನ್‌ಷಿಪ್ಪಿಗೆ ಅರ್ಹತೆಯನ್ನೂ ಪಡೆದರು. ಹೀಗಿರಲಾಗಿ, 1986ರ ಫೆಬ್ರವರಿಯಲ್ಲಿ ಮನಿಲಾದ ಬೀದಿಗಳಲ್ಲಿ ಜನಶಕ್ತಿ ಸಿಡಿದೆದ್ದು ಮಾರ್ಕೋಸ್ ಅವರ ಆಡಳಿತ ಉರುಳಿತು. ಮಾರ್ಕೋಸ್ ಅವರ ಆಪ್ತರಾಗಿದ್ದ ಕೊಹುವಾಂಕೊ ದೇಶ ಬಿಟ್ಟರು. ತಂಡವನ್ನು ಪೋಷಿಸುವ ಕೈ ಇಲ್ಲದಾಯಿತು. ಸ್ಪೇನಿಗೆ ಫಿಲಿಪೀನ್ಸ್ ಹೋಗಲೇ ಇಲ್ಲ.

ಆ ರಾಜಕೀಯ ಪರಿವರ್ತನೆಯ ಔಚಿತ್ಯವನ್ನು ಕುರಿತು ಇಲ್ಲಿ ಚರ್ಚಿಸಬೇಕಾದ್ದಿಲ್ಲ. ಒಬ್ಬ ಶ್ರೀಮಂತನ ಒಲವನ್ನೇ ಆಧಾರಸ್ತಂಭವಾಗಿ ನೆಚ್ಚಿ ಕಟ್ಟಿದ ತಂಡ ಆ ಸ್ತಂಭ ಕಳಚಿದೊಡನೆ ಕುಸಿಯಿತೆಂಬುದಷ್ಟೇ ನಮಗೆ ಪ್ರಸ್ತುತ. ಆದರೂ ಅದರಲ್ಲಿ ಬೆಳೆದ ಮನುಷ್ಯರು ಕುಸಿಯಲಿಲ್ಲ. 1989ರಲ್ಲಿ ಫಿಬಾ ವೃತ್ತಿಪರರಿಗೆ ಬಾಗಿಲು ತೆರೆಯಿತು. ಮರುವರ್ಷ ಬೀಜಿಂಗಿನ ಏಷ್ಯನ್ ಕ್ರೀಡಾಕೂಟಕ್ಕೆ ಪಿ.ಬಿ.ಎ.ಯ ತಾರೆಗಳು ಹೋಗಿ ಬೆಳ್ಳಿ ಗೆದ್ದಾಗ, ಕೈದಿಕ್, ಲಿಮ್, ಕಾಲ್ಮಾ, ದಿಗ್ನಾದಿಸೆ ಆ ತಂಡದಲ್ಲಿದ್ದರು. ಜೇಕಬ್ಸ್ ಅವರು ಬಿತ್ತಿದ್ದನ್ನು ಬೇರೊಬ್ಬ ತರಬೇತುದಾರನ ಕಾಲದಲ್ಲಿ ದೇಶ ಕೊಯ್ದುಕೊಂಡಿತು.

ವೃತ್ತಿಪರರಿಗೆ ಬಾಗಿಲು ತೆರೆದ ಮೇಲೆ ಇನ್ನು ಬೆಳೆಸುವ ತಂಡದ ಹಂಗೇಕೆ ಎಂದು ಬಹುಮಂದಿ ನಂಬಿದರು. ಸುಮಾರು ಎರಡು ದಶಕಗಳ ಕಾಲ ಆ ನಂಬಿಕೆ ಪರೀಕ್ಷೆಗೊಳಗಾಗಿ ಸೋತಿತು. ವರ್ಷವಿಡೀ ನಡೆಯುವ ಲೀಗಿನ ವೇಳಾಪಟ್ಟಿಯ ಸಂದುಗಳಲ್ಲಿ ತಾರೆಗಳನ್ನು ಒಟ್ಟುಗೂಡಿಸಿ ಕಳಿಸಿದಾಗಲೆಲ್ಲ, ಬಿಡಿಬಿಡಿಯಾಗಿ ಮೇಲಾದವರು ಒಟ್ಟಾಗಿ ಕೀಳಾಗುತ್ತಿದ್ದರು. 2002ರ ಬೂಸಾನ್ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್ಲಿನಲ್ಲಿ ದಕ್ಷಿಣ ಕೊರಿಯಾದ ವಿರುದ್ಧ ಎರಡಂಕ ಮುಂದಿದ್ದು, ಕೊನೆಯ ಗಳಿಗೆಯಲ್ಲಿ ದೊರೆತ ಎರಡು ಫ್ರೀ ಥ್ರೋಗಳನ್ನೂ ಕಳೆದುಕೊಂಡು, ಗಂಟೆ ಬಾರಿಸುವಷ್ಟರಲ್ಲಿ ಲೀ ಸಾಂಗ್ ಮಿನ್ ದೂರದಿಂದ ಎಸೆದ ಮೂರಂಕದ ಚೆಂಡಿಗೆ 69-68ರಿಂದ ಸೋತ ಪಂದ್ಯವನ್ನು ಆ ದೇಶದವರು ಮರೆತಿಲ್ಲ. ಇದರ ಬೆನ್ನಿಗೇ ಆಡಳಿತ ಮಂಡಲಿಗಳ ಒಳಜಗಳ ಹುಟ್ಟಿಕೊಂಡಿತು. 2005ರಲ್ಲಿ ಫಿಬಾ ಫಿಲಿಪೀನ್ಸನ್ನು ಅಮಾನತಿನಲ್ಲಿಟ್ಟಿತು. ಎರಡು ವರ್ಷ ಆ ದೇಶಕ್ಕೆ ಅಂತಾರಾಷ್ಟ್ರೀಯ ಆಟವೇ ಇಲ್ಲ. ಹೊಸ ಒಕ್ಕೂಟವೊಂದು ರಚನೆಯಾಗಿ, ದೂರವಾಣಿ ಉದ್ಯಮದ ಮುಖ್ಯಸ್ಥರಾದ ಮ್ಯಾನ್ಯುಯೆಲ್ ಪಂಗಿಲಿನನ್ ಅಧ್ಯಕ್ಷರಾದ ಮೇಲೆ, 2007ರಲ್ಲಿ ಅಮಾನತು ತೆರವಾಯಿತು. ಅದೇ ವರ್ಷ ಜಪಾನಿನ ತೊಕುಶಿಮಾದಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್ಪಿನಲ್ಲಿ ಪಿ.ಬಿ.ಎ. ತಾರೆಗಳ ತಂಡ ಗಳಿಸಿದ್ದು ಒಂಬತ್ತನೆಯ ಸ್ಥಾನ.

ಆ ಪಂದ್ಯಾವಳಿಯನ್ನು ಗೆದ್ದದ್ದು ಇರಾನ್. ಅದರ ಇತಿಹಾಸದಲ್ಲೇ ಮೊದಲ ಏಷ್ಯಾ ಕಿರೀಟ. ಇರಾನಿನ ತರಬೇತುದಾರರು ಸರ್ಬಿಯಾದ ರಾಯ್ಕೊ ತೋರೊಮಾನ್. ಸೋತವರು ಗೆದ್ದವನ ಗುಟ್ಟೇನೆಂದು ವಿಚಾರಿಸುವುದು ಲೋಕರೂಢಿ. ಫಿಲಿಪೀನ್ಸಿನ ಹೊಸ ಒಕ್ಕೂಟ ಒಂದು ಹೆಜ್ಜೆ ಮುಂದೆ ಹೋಗಿ ಗೆದ್ದವನನ್ನೇ ಕರೆತಂದಿತು. 2008ರಲ್ಲಿ ‘ಸ್ಮಾರ್ಟ್ ಗಿಲಾಸ್’ ಎಂಬ ಹೆಸರಿನಲ್ಲಿ, ಬಹುತೇಕ ಕಾಲೇಜು ತರುಣರನ್ನೇ ಒಳಗೊಂಡ ತಂಡವೊಂದು ತೋರೊಮಾನರ ಕೈಗೆ ಬಂದಿತು. 2012ರ ಲಂಡನ್ ಒಲಿಂಪಿಕ್ಸಿಗೆ ಅರ್ಹತೆ ಗಳಿಸುವುದು ಅದರ ಘೋಷಿತ ಗುರಿ. ಅದಕ್ಕೆ ದೊರೆತ ಅವಧಿ ಮೂರು ವರ್ಷ.

ಭತ್ತದ ಬೇಸಾಯ ಬಲ್ಲವರಿಗೆ ಸಸಿಮಡಿಯ ವಿಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯ ಒಂದು ಮೂಲೆಯಲ್ಲಿ ಒತ್ತಾಗಿ ಬಿತ್ತಿ, ನೀರುಣಿಸಿ ಕಾಯ್ದ ಪೈರು ಅಲ್ಲಿಯೇ ತೆನೆ ಬಿಡಬೇಕೆಂದು ಯಾವ ರೈತನೂ ನಿರೀಕ್ಷಿಸುವುದಿಲ್ಲ. ಹದವರಿತು ಕಿತ್ತು ಬೇರೆಡೆ ನಾಟಿಮಾಡಿದ ಮೇಲೆಯೇ ಅದರ ಫಲ. ಸ್ಮಾರ್ಟ್ ಗಿಲಾಸ್ ಅಂಥ ಸಸಿಮಡಿ. ಕ್ರಿಸ್ ಟಿಯು, ಜೆವೀ ಕಾಸಿಯೊ, ಮಾರ್ಕ್ ಬರೋಕಾ, ಮಾರ್ಸಿಯೊ ಲಾಸಿಟರ್, ಕ್ರಿಸ್ ಲುಟ್ಜ್ ಮೊದಲಾದವರು ವೃತ್ತಿಪರ ಲೀಗಿನ ಸಂಪಾದನೆಯನ್ನು ಕೆಲಕಾಲ ಮುಂದೂಡಿ ಇಲ್ಲಿಗೆ ಬಂದರು. ಜಾಫೆತ್ ಅಗಿಲಾರ್ ಎಂಬ ನೀಳಕಾಯದ ತರುಣ 2009ರ ಪಿ.ಬಿ.ಎ. ಆಯ್ಕೆಯಲ್ಲಿ ಮೊತ್ತಮೊದಲಿಗನಾಗಿ ಆರಿಸಲ್ಪಟ್ಟಿದ್ದರೂ, ತನ್ನನ್ನು ಆರಿಸಿಕೊಂಡ ಕ್ಲಬ್ಬನ್ನು ತೊರೆದು ಗಿಲಾಸಿಗೆ ಸೇರಿಕೊಂಡನು. ಲೀಗಿನ ಅಭಿಮಾನಿಗಳಲ್ಲಿ ಅನೇಕರಿಗೆ ಅದು ರುಚಿಸಲಿಲ್ಲ. ನನಗಾದರೋ ಇಡೀ ಯೋಜನೆಯಲ್ಲಿ ಅತ್ಯಂತ ಗೌರವಾರ್ಹವಾಗಿ ತೋರುವ ಸಂಗತಿ ಅದು. ಇಪ್ಪತ್ತೆರಡರ ಪ್ರಾಯದಲ್ಲಿ, ಗಾಯವೊಂದರಿಂದ ಮುಗಿದುಹೋಗಬಹುದಾದ ವೃತ್ತಿಯಲ್ಲಿ, ಕೈಗೆ ಬಂದದ್ದನ್ನು ಬಿಟ್ಟು ದೇಶದ ತಂಡದ ಅನಿಶ್ಚಿತ ಭವಿಷ್ಯಕ್ಕೆ ತನ್ನನ್ನು ಒಪ್ಪಿಸಿಕೊಳ್ಳುವುದು ಅಲ್ಪವಾದ ತ್ಯಾಗವಲ್ಲ. ತಂಡ ಏಷ್ಯಾದ ಕ್ಲಬ್ ಪಂದ್ಯಾವಳಿಗಳಲ್ಲಿ ಆಡಿತು. ತೈಪೆಯ ಜೋನ್ಸ್ ಕಪ್ಪಿನಲ್ಲಿ ಆಡಿತು. ಜೇಕಬ್ಸರ ಹುಡುಗರಂತೆಯೇ ಪಿ.ಬಿ.ಎ.ಯಲ್ಲಿ ಅತಿಥಿಯಾಗಿ ಆಡಿ, 2011ರ ಒಂದು ಪಂದ್ಯಾವಳಿಯಲ್ಲಿ ಸೆಮಿಫೈನಲ್ ಮುಟ್ಟಿತು. 2010ರ ಗ್ವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಆರನೆಯ ಸ್ಥಾನ ಪಡೆಯಿತು.

ಎತ್ತರದ ಕೊರತೆಯನ್ನು ಮಾತ್ರ ತರಬೇತಿಯಿಂದ ತುಂಬಿಕೊಳ್ಳಲಾಗದು. ಇದಕ್ಕೆ ಫಿಬಾ ನಿಯಮದಲ್ಲಿಯೇ ಒಂದು ಅವಕಾಶವಿದೆ: ಹದಿನಾರು ವರ್ಷ ತುಂಬಿದ ಮೇಲೆ ಆ ದೇಶದ ಪೌರತ್ವ ಪಡೆದ ಆಟಗಾರನೊಬ್ಬನನ್ನು, ಒಬ್ಬನನ್ನು ಮಾತ್ರ, ತಂಡದಲ್ಲಿ ಸೇರಿಸಿಕೊಳ್ಳಬಹುದು. ಫಿಲಿಪೀನ್ಸಿನಲ್ಲಿ ಇಂಥ ಪೌರತ್ವ ದೊರೆಯುವುದು ಸಂಸತ್ತಿನ ಎರಡೂ ಸದನಗಳು ಆ ಒಬ್ಬ ವ್ಯಕ್ತಿಗಾಗಿಯೇ ಕಾನೂನೊಂದನ್ನು ಅಂಗೀಕರಿಸಿ, ಅಧ್ಯಕ್ಷರು ಅಂಕಿತ ಹಾಕಿದಾಗ. 2011ರಲ್ಲಿ ಮಾರ್ಕಸ್ ಡೌಥಿಟ್ ಎಂಬ ಅಮೆರಿಕನ್ ಸೆಂಟರ್ ಹೀಗೆ ಫಿಲಿಪಿನೋ ಆದನು. ಬುಟ್ಟಿಯ ಕೆಳಗೆ ನಿಲ್ಲಬಲ್ಲ ಒಬ್ಬ ಮನುಷ್ಯನಿಗಾಗಿ ಶಾಸನಸಭೆ ಕಲಾಪ ನಡೆಸುವ ಉದಾಹರಣೆ ಲೋಕದಲ್ಲಿ ವಿರಳ. ಆ ಜನರಿಗೆ ಈ ಆಟ ಏನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

2011ರ ಸೆಪ್ಟೆಂಬರಿನಲ್ಲಿ ಚೀನಾದ ವೂಹಾನಿನಲ್ಲಿ ಅಂತಿಮ ಪರೀಕ್ಷೆ ಒದಗಿತು. ಗೆದ್ದ ತಂಡಕ್ಕೆ ನೇರವಾಗಿ ಲಂಡನ್; ಎರಡನೆಯ, ಮೂರನೆಯ ಸ್ಥಾನದವರಿಗೆ ವಿಶ್ವಮಟ್ಟದ ಅರ್ಹತಾ ಪಂದ್ಯಾವಳಿಯಲ್ಲಿ ಇನ್ನೊಂದು ಅವಕಾಶ; ನಾಲ್ಕನೆಯವರಿಗೆ ಏನೂ ಇಲ್ಲ. ಜಿಮ್ಮಿ ಅಲಪಾಗ್, ಏಸಿ ಟೌಲಾವಾ ಮುಂತಾದ ಪಿ.ಬಿ.ಎ. ಅನುಭವಿಗಳನ್ನೂ ಬೆರೆಸಿಕೊಂಡು ಹೋದ ತಂಡ ಕ್ವಾರ್ಟರ್ ಫೈನಲ್ಲಿನಲ್ಲಿ ತೈಪೆಯನ್ನು ಸೋಲಿಸಿತು, ಸೆಮಿಫೈನಲ್ಲಿನಲ್ಲಿ ಜೋರ್ಡಾನಿಗೆ ಮಣಿಯಿತು, ಮೂರನೆಯ ಸ್ಥಾನದ ಪಂದ್ಯದಲ್ಲಿ ಕೊರಿಯಾದೆದುರು 70-68ರಿಂದ ಸೋತಿತು. ಎರಡೇ ಎರಡು ಅಂಕ. ಮೂರು ವರ್ಷಗಳ ಪ್ರಯೋಗದ ಲೆಕ್ಕವನ್ನು ಆ ಎರಡಂಕಗಳ ಮೇಲೆ ಮುಕ್ತಾಯಗೊಳಿಸಲಾಯಿತು, ತಂಡ ವಿಸರ್ಜನೆಗೊಂಡಿತು, ಹುಡುಗರು ಪಿ.ಬಿ.ಎ. ಸೇರಿದರು.

ಹೀಗೆ ಲೆಕ್ಕ ಮುಗಿಸಿದ್ದು ಸರಿಯೆ? ಅಲ್ಲವೆಂದು ನಾನು ದೃಢವಾಗಿ ಹೇಳುವೆನು. ಎಂಟನೆಯ, ಒಂಬತ್ತನೆಯ ಸ್ಥಾನಗಳಲ್ಲಿ ತೊಳಲುತ್ತಿದ್ದ ದೇಶ ನಾಲ್ಕನೆಯದಕ್ಕೇರಿದ್ದು ಹಾಗಿರಲಿ. ಬೆಳೆಸುವ ತಂಡವೊಂದರಿಂದ ಉತ್ಪನ್ನವಾಗತಕ್ಕದ್ದು ಮೊದಲಿಗೆ ಮನುಷ್ಯರು, ಪದಕ ಆಮೇಲಿನದು. ಚಾಟ್ ರೇಯೆಸ್ ಅವರ ಕೈಕೆಳಗೆ, ಈ ಬಾರಿ ಲೀಗಿನ ಸಮ್ಮತಿಯೊಡನೆ ವೃತ್ತಿಪರರಿಂದಲೇ ಕಟ್ಟಿದ ಮುಂದಿನ ತಂಡ ಹಿಂದಿನ ತಾರಾಕೂಟಗಳಂತೆ ಅಭದ್ರವಾಗಿರಲಿಲ್ಲವಾದರೆ, ಅದಕ್ಕೆ ಕಾರಣಗಳಲ್ಲಿ ಈ ಸಸಿಮಡಿಯಿಂದ ಬಂದ ಆಟಗಾರರೂ, ದೀರ್ಘ ಸಿದ್ಧತೆ ಅನಿವಾರ್ಯವೆಂದು ಲೀಗಿಗೇ ಮನವರಿಕೆಯಾದದ್ದೂ ಸೇರಿವೆ. 2013ರ ಆಗಸ್ಟಿನಲ್ಲಿ ಮನಿಲಾದಲ್ಲಿಯೇ ನಡೆದ ಏಷ್ಯಾ ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್ಲಿಗೆ ಮತ್ತೆ ಅದೇ ಕೊರಿಯಾ ಎದುರಾಯಿತು. ಪಂದ್ಯದ ನಡುವೆಯೇ ಡೌಥಿಟ್ ಗಾಯಗೊಂಡು ಹೊರನಡೆದಾಗ ಕ್ರೀಡಾಂಗಣದಲ್ಲಿದ್ದವರೆಲ್ಲರಿಗೂ ಹಳೆಯ ಸೋಲುಗಳೇ ನೆನಪಾಗಿರಬೇಕು. ಆದರೆ ಸೆಂಟರ್ ಇಲ್ಲದೆ ಹೇಗೆ ಆಡಬೇಕೆಂಬುದನ್ನು ಆ ತಂಡ ಅಭ್ಯಾಸ ಮಾಡಿಕೊಂಡಿತ್ತು: ಮಾರ್ಕ್ ಪಿಂಗ್ರಿಸ್ ತನಗಿಂತ ಎತ್ತರದವರೊಡನೆ ಗುದ್ದಾಡಿ ಚೆಂಡನ್ನು ಕಿತ್ತು ತಂದನು, ಗಿಡ್ಡನಾದ ಅಲಪಾಗ್ ಕೊನೆಯ ನಿಮಿಷಗಳಲ್ಲಿ ದೂರದಿಂದ ಮೂರಂಕಗಳನ್ನೆಸೆದನು. 86-79ರ ಆ ಜಯದಿಂದ ಫಿಲಿಪೀನ್ಸ್ 2014ರ ವಿಶ್ವಕಪ್ಪಿಗೆ ಸ್ಪೇನಿಗೆ ಹೋಯಿತು. ಅಲ್ಲಿ ಕ್ರೊಯೇಷಿಯಾದೊಡನೆ ಹೆಚ್ಚುವರಿ ಅವಧಿಯವರೆಗೆ ಹೋರಾಡಿ 81-78ರಿಂದ ಸೋತು, ಅರ್ಜೆಂಟೀನಾಕ್ಕೆ ನಾಲ್ಕಂಕಗಳಿಂದ ಸೋತು, ಕೊನೆಗೆ ಸೆನೆಗಲನ್ನು 81-79ರಿಂದ ಸೋಲಿಸಿತು. ವಿಶ್ವಮಟ್ಟದಲ್ಲಿ ನಲವತ್ತು ವರ್ಷಗಳ ತರುವಾಯ ದಕ್ಕಿದ ಜಯವದು.

ಇದಾದ ಮೇಲಿನ ಕಥೆ ಏರಿಳಿತಗಳದು. 2017ರ ನವೆಂಬರಿನಿಂದ ಫಿಬಾ ಅರ್ಹತಾ ಪಂದ್ಯಗಳ ಕ್ರಮವನ್ನೇ ಬದಲಾಯಿಸಿತು. ಒಂದು ಸ್ಥಳದಲ್ಲಿ ಹತ್ತು ದಿನಗಳ ಪಂದ್ಯಾವಳಿಯ ಬದಲಿಗೆ, ವರ್ಷದಲ್ಲಿ ಹಲವು ಸಲ ಕೆಲವೇ ದಿನಗಳ ಅವಧಿಯಲ್ಲಿ ತವರಿನಲ್ಲೊಂದು, ಪರದೇಶದಲ್ಲೊಂದು ಎಂಬಂತೆ ಆಡುವ ಪದ್ಧತಿ ಬಂದಿತು. ಸಿದ್ಧತೆಗೆ ಸಿಗುತ್ತಿದ್ದ ಕಾಲ ಇನ್ನಷ್ಟು ಚೂರಾಯಿತು. 2019ರ ವಿಶ್ವಕಪ್ಪಿನಲ್ಲಿ ಇಟಲಿ, ಸರ್ಬಿಯಾ ತಂಡಗಳೆದುರು ಭಾರಿ ಅಂತರದಿಂದ ಸೋತು ಫಿಲಿಪೀನ್ಸ್ 32 ತಂಡಗಳಲ್ಲಿ 32ನೆಯದಾಯಿತು. ಆ ಅವಮಾನದ ಬಿಸಿಯಲ್ಲಿ ಮೂರನೆಯ ಸಲ ಬೆಳೆಸುವ ತಂಡದ ವಿಚಾರ ಚಿಗುರಿತು: ಪಿ.ಬಿ.ಎ. ತನ್ನ ಆಯ್ಕೆಯಲ್ಲಿ ಕೆಲವು ತರುಣರನ್ನು ಪ್ರತ್ಯೇಕವಾಗಿ ದೇಶದ ತಂಡಕ್ಕೆಂದೇ ಬಿಟ್ಟುಕೊಟ್ಟಿತು. ನ್ಯೂಜಿಲೆಂಡಿನಲ್ಲಿ ಹೆಸರು ಮಾಡಿದ್ದ ಟ್ಯಾಬ್ ಬಾಲ್ಡ್‌ವಿನ್ ಅವರ ಹೊಣೆಗಾರಿಕೆಯಲ್ಲಿ, ಮಹಾಮಾರಿಯ ಕಾಲದಲ್ಲಿ, ಹೊರಗಿನ ಸಂಪರ್ಕವಿಲ್ಲದ ಶಿಬಿರಗಳಲ್ಲಿ ಅವರ ತರಬೇತಿ ನಡೆಯಿತು. 2021ರ ಜೂನ್ ತಿಂಗಳಲ್ಲಿ ಕ್ಲಾರ್ಕ್ ಬಳಿಯ ಆಂಜಲಿಸ್ ನಗರದಲ್ಲಿ, ಪ್ರೇಕ್ಷಕರಿಲ್ಲದ ಅಂಗಣದಲ್ಲಿ, ಈ ಎಳೆಯರು ಕೊರಿಯಾವನ್ನು ಎದುರಿಸಿದರು. ಅಂಕ 78-78 ಸಮ. ಎಸ್.ಜೆ. ಬೆಲಾಂಗೆಲ್ ಎಂಬ ಗಾರ್ಡ್ ಓಡುತ್ತಲೇ, ಸಮತೋಲ ತಪ್ಪಿದ ಭಂಗಿಯಲ್ಲಿ, ಕಾಲ ಮುಗಿಯುವ ಕ್ಷಣದಲ್ಲಿ ಎಸೆದ ಚೆಂಡು ಹಲಗೆಗೆ ಬಡಿದು ಬುಟ್ಟಿಯೊಳಗೆ ಬಿದ್ದಿತು. ಕೆಲವು ದಿನಗಳಲ್ಲಿ ಅದೇ ಕೊರಿಯಾವನ್ನು ಅವರು ಇನ್ನೊಮ್ಮೆ ಸೋಲಿಸಿದರು. ಆ ತಿಂಗಳ ಕೊನೆಗೆ ಬೆಲ್‌ಗ್ರೇಡಿನಲ್ಲಿ ಸರ್ಬಿಯಾದ ತವರಿನಲ್ಲೇ ಸರ್ಬಿಯಾಕ್ಕೆ ಏಳಂಕಗಳಿಂದ ಮಾತ್ರ ಸೋತರು. ಎರಡು ವರ್ಷದ ಹಿಂದೆ ಆ ಅಂತರ 59 ಅಂಕಗಳಾಗಿತ್ತು.

ಆದರೆ ಈ ತಂಡವೂ ಉಳಿಯಲಿಲ್ಲ. ಈ ಬಾರಿ ಅದನ್ನು ಚದುರಿಸಿದ್ದು ಕ್ರಾಂತಿಯಲ್ಲ, ಸೋಲೂ ಅಲ್ಲ, ಪೇಟೆ. ಜಪಾನ್ ಮತ್ತು ಕೊರಿಯಾದ ಲೀಗುಗಳು ಏಷ್ಯಾದ ಆಟಗಾರರಿಗೆಂದು ಪ್ರತ್ಯೇಕ ಸ್ಥಾನ ಕಲ್ಪಿಸಿದ್ದುದರಿಂದ, ತವರಿನಲ್ಲಿ ಸಿಗಲಾರದ ಸಂಬಳಕ್ಕೆ ಡ್ವೈಟ್ ರಾಮೋಸ್ ಜಪಾನಿಗೂ, ಬೆಲಾಂಗೆಲ್ ಕೊರಿಯಾಕ್ಕೂ ಹೊರಟರು. ಇನ್ನು ಕೆಲವರೂ ಅದೇ ದಾರಿ ಹಿಡಿದರು. ಅವರನ್ನು ಆಕ್ಷೇಪಿಸಲು ನನಗೆ ಮನಸ್ಸು ಬಾರದು. ಆಟಗಾರನ ದುಡಿಮೆಯ ವರ್ಷಗಳು ಸ್ವಲ್ಪ. ಅವನಿಗೂ ಮನೆ, ಸಂಸಾರ, ಮುಪ್ಪು ಇವೆ. ಹಾಗೆ ಬಿಡಬಾರದೆಂದಿದ್ದರೆ ಆ ಅವಧಿಗೆ ತಕ್ಕ ವೇತನವನ್ನೂ, ತರುವಾಯದ ಬದುಕಿಗೆ ಭರವಸೆಯನ್ನೂ ಕೊಡುವುದು ಒಕ್ಕೂಟದ ಕರ್ತವ್ಯವಾಗಿತ್ತು. ತ್ಯಾಗವನ್ನೇ ನೆಚ್ಚಿ ನಡೆಸುವ ಯೋಜನೆ ಒಂದು ತಲೆಮಾರಿಗೆ ಸಾಗೀತು, ಮುಂದಕ್ಕೆ ಸಾಗದು.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪವನ್ನು ಎದುರಿಸಬೇಕು. 2023ರ ಅಕ್ಟೋಬರಿನಲ್ಲಿ ಹ್ಯಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಫಿಲಿಪೀನ್ಸ್ 61 ವರ್ಷಗಳ ಮೇಲೆ ಚಿನ್ನ ಗೆದ್ದಿತಷ್ಟೆ. ಆ ತಂಡ ಕೆಲವೇ ವಾರಗಳಲ್ಲಿ, ಹಲವು ಬದಲಾವಣೆಗಳ ನಡುವೆ, ಟಿಮ್ ಕೋನ್ ಅವರ ಕೈಕೆಳಗೆ ತರಾತುರಿಯಲ್ಲಿ ಕಟ್ಟಿದ್ದಲ್ಲವೆ? ಹಾಗಿದ್ದರೆ ದೀರ್ಘಕಾಲದ ಪೋಷಣೆ ಬೇಕೆಂಬ ವಾದ ಎಲ್ಲಿ ಉಳಿಯಿತು? ತಂಡದ ಹನ್ನೆರಡು ಹೆಸರುಗಳನ್ನು ಓದಿ ನೋಡಿದರೆ ಉತ್ತರ ಅಲ್ಲಿಯೇ ಇದೆ. ಜಸ್ಟಿನ್ ಬ್ರೌನ್ಲೀ, ಅಗಿಲಾರ್, ಸ್ಕಾಟಿ ಥಾಂಪ್ಸನ್ ಈ ಮೂವರು ಕೋನ್ ಅವರ ಕ್ಲಬ್ಬಾದ ಗಿನೆಬ್ರಾದವರು, ಅವರ ಆಟದ ಪದ್ಧತಿಯನ್ನು ವರ್ಷಗಳಿಂದ ಮೈಗೂಡಿಸಿಕೊಂಡವರು. ಜೂನ್ ಮಾರ್ ಫಹಾರ್ಡೊ, ಸಿ.ಜೆ. ಪೆರೆಜ್, ಲಾಸಿಟರ್, ಕ್ರಿಸ್ ರಾಸ್ ಈ ನಾಲ್ವರು ಸ್ಯಾನ್ ಮಿಗೆಲ್ ಕ್ಲಬ್ಬಿನಲ್ಲಿ ಕೂಡಿ ಆಡಿದವರು. ಹನ್ನೆರಡರಲ್ಲಿ ಏಳು ಮಂದಿ ಎರಡೇ ಮನೆಗಳಿಂದ ಬಂದವರಾದ ಮೇಲೆ, ಕೂಡಿ ಕಳೆಯಬೇಕಾದ ಕಾಲವನ್ನು ಆ ತಂಡ ಮೊದಲೇ ಕಳೆದು ಬಂದಿತ್ತೆಂದು ತಿಳಿಯತಕ್ಕದ್ದು. ಸೆಮಿಫೈನಲ್ಲಿನಲ್ಲಿ ಚೀನಾಕ್ಕೆ ಇಪ್ಪತ್ತಂಕಗಳಷ್ಟು ಹಿಂದೆ ಬಿದ್ದು ಕೊನೆಗೆ 77-76ರಿಂದ ಗೆದ್ದದ್ದು ಬ್ರೌನ್ಲೀಯ ಕೈಚಳಕದಿಂದ ನಿಜ. ಆದರೆ ಕೊನೆಯ ಗಳಿಗೆಯಲ್ಲಿ ಚೆಂಡನ್ನು ಅವನಿಗೆ ಎಲ್ಲಿ ಒಪ್ಪಿಸಬೇಕೆಂಬುದನ್ನು ಸಂಗಡಿಗರು ಅಂದು ಕಲಿತದ್ದಲ್ಲ. ಇನ್ನೂ ಒಂದು ಅಂಶವನ್ನು ಗಮನಿಸಬೇಕು. ಅಗಿಲಾರ್ ಮತ್ತು ಲಾಸಿಟರ್ ಇಬ್ಬರೂ ತೋರೊಮಾನರ ಸ್ಮಾರ್ಟ್ ಗಿಲಾಸಿನಲ್ಲಿ ಬೆಳೆದವರು. 2011ರಲ್ಲಿ ವಿಫಲವೆಂದು ಲೆಕ್ಕ ಮುಚ್ಚಿದ ಯೋಜನೆಯ ಇಬ್ಬರು ಹನ್ನೆರಡು ವರ್ಷಗಳ ಮೇಲೆ ಏಷ್ಯಾದ ಚಿನ್ನವನ್ನು ಕೊರಳಿಗೆ ಧರಿಸಿದರು.

ನಮ್ಮ ಬೆಂಗಳೂರಿಗೂ ಈ ವಿಷಯದಲ್ಲಿ ಒಂದು ನೆನಪುಂಟು. 2017ರ ಜುಲೈನಲ್ಲಿ ಏಷ್ಯಾ ಕಪ್ ಮಹಿಳಾ ಪಂದ್ಯಾವಳಿ ಇಲ್ಲಿಯೇ ನಡೆದಾಗ, ಭಾರತದ ವನಿತೆಯರು ಎರಡನೆಯ ದರ್ಜೆಯ ವಿಭಾಗದಲ್ಲಿ ಕಜಕಸ್ತಾನವನ್ನು ಫೈನಲ್ಲಿನಲ್ಲಿ ಸೋಲಿಸಿ ಮೊದಲನೆಯ ದರ್ಜೆಗೇರಿದರು. ಎರಡು ವರ್ಷದ ಅನಂತರ ಅದೇ ಬೆಂಗಳೂರಿನಲ್ಲಿ, ಅದೇ ಪಂದ್ಯಾವಳಿಯಲ್ಲಿ, ಏಳನೆಯ ಸ್ಥಾನದ ಪಂದ್ಯದಲ್ಲಿ ಫಿಲಿಪೀನ್ಸಿಗೆ ಸೋತು ಕೆಳಗಿಳಿದರು. ಪುರುಷರ ತಂಡವೂ 2014ರಲ್ಲಿ ವೂಹಾನಿನಲ್ಲಿ ಚೀನಾವನ್ನು 65-58ರಿಂದ ಸೋಲಿಸಿ ಬೆರಗುಗೊಳಿಸಿದ್ದುಂಟು. ಆ ಉತ್ಸಾಹಕ್ಕೂ ಮುಂದುವರಿಕೆ ದೊರೆಯಲಿಲ್ಲ. ಪ್ರತಿಭೆಯ ಅಭಾವದಿಂದ ಹೀಗಾಯಿತೆಂದು ನಾನು ನಂಬಲಾರೆ. ಶಿಬಿರ ಮುಗಿದೊಡನೆ ರೈಲ್ವೆ, ಪೊಲೀಸ್, ಸೇನೆ ಎಂದು ತಮ್ಮ ತಮ್ಮ ನೌಕರಿಗಳಿಗೆ ಮರಳಬೇಕಾದ ಆಟಗಾರರಿಗೆ ಒಟ್ಟಾಗಿ ಕಳೆಯುವ ಕಾಲ ದೊರೆತುದೇ ಕಡಮೆ.

ಫಿಲಿಪೀನ್ಸಿನಲ್ಲಿ ಕೋನ್ ಅವರು ಈಗ ಕೈಗೊಂಡಿರುವ ಕ್ರಮ ಈ ಎಲ್ಲ ಅನುಭವಗಳಿಂದ ಪಾಠ ಕಲಿತುದಾಗಿದೆ. ನಲವತ್ತು ಐವತ್ತು ಜನರ ಪಟ್ಟಿಯಿಂದ ಪ್ರತಿಸಲವೂ ಹೊಸದಾಗಿ ಆರಿಸುವುದನ್ನು ಬಿಟ್ಟು, ಹನ್ನೆರಡು ಹದಿಮೂರು ಜನರ ಒಂದೇ ಗುಂಪನ್ನು ಕಿಟಕಿಯಿಂದ ಕಿಟಕಿಗೆ, ಅಂದರೆ ಫಿಬಾ ಗೊತ್ತುಪಡಿಸಿದ ಅವಧಿಯಿಂದ ಅವಧಿಗೆ, ಅವರು ಬದಲಾಯಿಸದೆ ಕರೆಯುತ್ತಾರೆ. ಅನುಭವಿಗಳ ಜೊತೆಗೆ ಏಳಡಿಗೂ ಮಿಗಿಲಾದ ಕಾಯ್ ಸೊಟ್ಟೊ, ಕಾರ್ಲ್ ತಮಾಯೊ, ಕೆವಿನ್ ಕ್ವಿಯಾಂಬಾವೊ ಮುಂತಾದ ಎಳೆಯರನ್ನೂ ಅದರಲ್ಲಿ ಸೇರಿಸಿಕೊಂಡಿದ್ದಾರೆ. 2024ರ ಜುಲೈನಲ್ಲಿ ರೀಗಾದಲ್ಲಿ ಲಾಟ್ವಿಯಾವನ್ನು ಅದರ ತವರಿನಲ್ಲೇ 89-80ರಿಂದ ಈ ತಂಡ ಸೋಲಿಸಿತು. ಅದೇ ವರ್ಷದ ನವೆಂಬರಿನಲ್ಲಿ ಮನಿಲಾದಲ್ಲಿ ನ್ಯೂಜಿಲೆಂಡನ್ನೂ ಗೆದ್ದಿತು. ಆದರೆ ತಂಡದ ಆಧಾರಸ್ತಂಭಗಳ ವಯಸ್ಸನ್ನು ನೋಡಿದರೆ ಚಿಂತೆಯಾಗದಿರದು: ಅಗಿಲಾರ್ 1987ರಲ್ಲಿ, ಬ್ರೌನ್ಲೀ 1988ರಲ್ಲಿ, ಫಹಾರ್ಡೊ 1989ರಲ್ಲಿ ಹುಟ್ಟಿದವರು. 2027ರ ವಿಶ್ವಕಪ್ ಕತಾರಿನಲ್ಲಿ. ಡೌಥಿಟ್‌ನಂತೆಯೇ ಕಾನೂನಿನ ಮೂಲಕ ಪೌರತ್ವ ಪಡೆದ ಬ್ರೌನ್ಲೀಯ ಸ್ಥಾನಕ್ಕೆ ಬೇಕಾದವನನ್ನು ಹುಡುಕಿ, ಅವನ ಪೌರತ್ವದ ಕಾನೂನು ಎರಡೂ ಸದನಗಳನ್ನು ದಾಟಿ, ಅವನು ಸಂಗಡಿಗರ ಆಟವನ್ನು ಅರಿತುಕೊಳ್ಳುವುದಕ್ಕೆ ಹಿಡಿಯುವ ಕಾಲವನ್ನೂ, ಪರದೇಶದ ಲೀಗುಗಳಲ್ಲಿರುವ ತರುಣರನ್ನು ವರ್ಷಕ್ಕೆ ಕೆಲವು ವಾರಗಳಾದರೂ ಅವನೊಡನೆ ಕೂಡಿಸಲು ಆ ಲೀಗುಗಳೊಂದಿಗೆ ಮಾಡಿಕೊಳ್ಳಬೇಕಾದ ಒಪ್ಪಂದಗಳನ್ನೂ ಲೆಕ್ಕ ಹಾಕಿದರೆ, ನಾಲ್ಕನೆಯ ಬೆಳೆಸುವ ತಂಡದ ಕೆಲಸ ತಳುವಿಲ್ಲದೆ ಆರಂಭವಾಗಬೇಕಾಗಿದೆ.